ಕೋಟಿ ಜಪದ ಪುಸ್ತಕದೊಳಗೆ ಒಂದು ಕಾದಂಬರಿ

ಒಂದೇ ಮಾತನ್ನು ಲಕ್ಷ ಸಲ ಬರೆಯುವ ಹೆಂಗಸು ಪುಣ್ಯವಂತೆ, ಲಕ್ಷ ಮಾತುಗಳನ್ನು ಒಂದೊಂದೇ ಸಲ ಬರೆಯುವವಳು ಮನೆಗೆಲಸ ತಪ್ಪಿಸಿಕೊಳ್ಳುವವಳು. ತೊಂಬತ್ತರ ದಶಕದಲ್ಲಿ, ಹೂಡಿ ಪಕ್ಕದ ನಮ್ಮ ಬಡಾವಣೆಯಲ್ಲಿ ನಾನು ಕಲಿತ ಸಾಹಿತ್ಯಪಾಠ ಇಷ್ಟೇ.

ಆಗ ನಾವು ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ನಮ್ಮವರಿಗೆ ವೈಟ್‌ಫೀಲ್ಡ್ ರಸ್ತೆಯ ಒಂದು ಕಾರ್ಖಾನೆಯಲ್ಲಿ ಕೆಲಸ. ಬಡಾವಣೆಯ ಮುಕ್ಕಾಲು ಪಾಲು ಜನ ಅದೇ ಕಾರ್ಖಾನೆಯವರು. ಏಳೂವರೆಗೆ ಕಂಪನಿ ಬಸ್ಸು ಬಂದು ಗಂಡಸರನ್ನೆಲ್ಲ ಗುಡಿಸಿಕೊಂಡು ಹೋದರೆ, ಆಮೇಲೆ ಉಳಿಯುತ್ತಿದ್ದುದು ಕುಕ್ಕರಿನ ಕೂಗು, ಸುತ್ತಲಿನ ಖಾಲಿ ಸೈಟುಗಳ ಪಾರ್ಥೇನಿಯಂ ಮತ್ತು ನಾವು ಹೆಂಗಸರು. ಆ ಹೊತ್ತಿನಲ್ಲಿ ನಾನು ಕಾದಂಬರಿ ಬರೆಯುತ್ತಿದ್ದೆ.

ಬರೆಸುತ್ತಿದ್ದುದು ಕಾಫಿ. ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ. ಹತ್ತೂವರೆಗೆ ಹಿತ್ತಾಳೆ ಫಿಲ್ಟರಿಗೆ ಪುಡಿ ಹಾಕಿ, ಕುದಿಯುವ ನೀರು ಸುರಿದು, ಮುಚ್ಚಳ ಮುಚ್ಚಿ ಅಡುಗೆಮನೆಯ ಮೇಜಿನ ಮುಂದೆ ಕೂತರೆ, ಡಿಕಾಕ್ಷನ್ ಇಳಿಯುವಷ್ಟರಲ್ಲಿ ಒಂದು ಪುಟ ಆಗಲೇಬೇಕು ಎಂಬುದು ನಾನು ನನಗೆ ಹಾಕಿಕೊಂಡ ಶಿಕ್ಷೆ. ಪುಟ ಮುಗಿಯದಿದ್ದರೆ ಹಾಲು ಬಿಸಿ ಮಾಡುವ ಹಾಗಿಲ್ಲ. ಕಾಫಿಗಾಗಿ ನಾನು ಎಂತೆಂಥ ವಾಕ್ಯಗಳನ್ನು ಮುಗಿಸಿದ್ದೇನೆಂದು ನೆನೆದರೆ ಇವತ್ತೂ ನಾಚಿಕೆಯಾಗುತ್ತದೆ. ಮಧ್ಯಾಹ್ನ ಎರಡೂವರೆಗೆ ಎರಡನೆಯ ಸರದಿ. ಪುಡಿ ಕೆ.ಆರ್. ಪುರದ ಅಂಗಡಿಯಿಂದ ಬರುತ್ತಿತ್ತು, ಎಂಬತ್ತಕ್ಕೆ ಇಪ್ಪತ್ತು ಚಿಕೋರಿ. ಹಾಲು ಕೆಳಗಿನ ಮನೆಯ ಹಸುವಿನದು. ಬಡಾವಣೆಯ ಬೇರೆ ಮನೆಗಳಲ್ಲಿ ಆಗ ಇನ್‌ಸ್ಟಂಟ್ ಕಾಫಿಯ ಗಾಜಿನ ಬಾಟಲಿಯನ್ನು ಶೋಕೇಸಿನಲ್ಲಿ, ಮಕ್ಕಳು ಗೆದ್ದ ಕಪ್ಪುಗಳ ಪಕ್ಕ, ಇಡುತ್ತಿದ್ದರು. ಬಂದವರಿಗೆ ಅದನ್ನು ಚಮಚದಲ್ಲಿ ಅಳೆದು ಕೊಡುವಾಗ ಅವರ ಮುಖದಲ್ಲಿ ಪ್ರಸಾದ ಹಂಚುವವರ ಗಾಂಭೀರ್ಯ. ಬಾಟಲಿ ಖಾಲಿಯಾದ ಮೇಲೆ ಅದರಲ್ಲಿ ಮನಿ ಪ್ಲಾಂಟ್ ಬೆಳೆಸುತ್ತಿದ್ದರು. ಆ ಬಾಟಲಿಗೆ ದೊರೆತ ಸದುಪಯೋಗ ಅದೊಂದೇ ಎಂದು ನನ್ನ ಅಭಿಪ್ರಾಯ.

ಇನ್ನು ಜಪದ ವಿಷಯ.

ನಮ್ಮ ಅತ್ತೆ ಹಾವೇರಿ ಕಡೆಯವರು, ಚಹಾದವರು. ಕಾಫಿ ಎಂದರೆ ಅವರಿಗೆ ಕಡಲೆ ಹೊತ್ತಿದ ವಾಸನೆ. ಬೆಳಗ್ಗೆ ಸ್ನಾನ, ಲಿಂಗಪೂಜೆ, ವಿಭೂತಿ ಮುಗಿಸಿ ನಡುಮನೆಯ ಕಿಟಕಿಯ ಪಕ್ಕ ಕೂರುತ್ತಿದ್ದರು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಮುಖಗಳನ್ನು ದನಿಯಿಂದ, ನೋಟುಗಳನ್ನು ಬೆರಳಿನಿಂದ ಗುರುತಿಸುತ್ತಿದ್ದರು. ಒಂದು ದಿನ ಫಿಲ್ಟರು ತೊಟ್ಟಿಕ್ಕುತ್ತಿದ್ದಾಗ ಅಡುಗೆಮನೆಗೆ ಬಂದು ನನ್ನ ಬೆನ್ನ ಹಿಂದೆ ನಿಂತರು. ಏನು ಬರೆಯುತ್ತೀ ಎಂದು ಕೇಳಿದರು. ನಾನು ಒಂದು ವಾಕ್ಯದ ನಡುವೆ ಇದ್ದೆ. ತಲೆಯೆತ್ತಲಿಲ್ಲ, ಉತ್ತರಿಸಲಿಲ್ಲ. ಅವರು ಬಗ್ಗಿ, ಪುಟದ ಮೇಲೆ ಬೆರಳಾಡಿಸಿ, ಬಾಲ್‌ಪೆನ್ನು ಒತ್ತಿದ ಸಾಲುಗಳನ್ನು ಮುಟ್ಟಿದರು. ಸಾಲುಗಳು ನೆಟ್ಟಗಿದ್ದವು. ಕಾನ್ವೆಂಟಿನಲ್ಲಿ ಸಿಸ್ಟರುಗಳು ಸ್ಕೇಲಿನಿಂದ ಬಾರಿಸಿ ಕಲಿಸಿದ ಅಕ್ಷರ, ಓರೆಯಾಗುವ ಮಾತೇ ಇಲ್ಲ.

"ಪಂಚಾಕ್ಷರಿ ಬರ್ಯಾಕತ್ತಿ ಏನವಾ. ಬರಿ, ಬರಿ. ಬರ್ಯೂವಾಗ ಮಾತಾಡಬಾರದು," ಎಂದು ಸದ್ದಿಲ್ಲದೆ ಹೊರಟುಹೋದರು.

‘ಓಂ ನಮಃ ಶಿವಾಯ’ ಎಂದು ಪುಸ್ತಕದ ತುಂಬ ಬರೆಯುವ ಲಿಖಿತ ಜಪ ಅವರ ಕಡೆ ಎಷ್ಟೋ ಮನೆಗಳಲ್ಲಿ ಇತ್ತು. ಬರೆಯುವಾಗ ಮೌನ ವ್ರತ. ನನ್ನ ಮೌನವನ್ನು ಅವರು ಅದೆಂದುಕೊಂಡರು. ಅಲ್ಲ ಅತ್ತೆ, ಇದು ಕಾದಂಬರಿ ಎಂದು ನಾನು ಆಗಲೇ ಹೇಳಬೇಕಿತ್ತು. ವಾಕ್ಯ ಅರ್ಧದಲ್ಲಿತ್ತು, ಹೇಳಲಿಲ್ಲ. ಮಾರನೆಯ ದಿನ ಹೇಳೋಣವೆಂದುಕೊಂಡೆ. ಮಾರನೆಯ ದಿನ ಹತ್ತೂವರೆಗೆ ಅವರು ತಾವೇ ಹೋಗಿ ಬಾಗಿಲಿಗೆ ಚಿಲಕ ಹಾಕಿ, ಬಂದವರನ್ನು ಕಿಟಕಿಯಿಂದಲೇ ಕಳಿಸಿದರು. ಸೊಸೆ ಶಿವನಾಮ ಬರೆಯುತ್ತಿದ್ದಾಳೆ, ಹನ್ನೆರಡರ ಮೇಲೆ ಬಾ ಎನ್ನುತ್ತಿದ್ದರು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಯಾರೂ ನನಗೆ ಒಂದೂವರೆ ಗಂಟೆ ಕೊಟ್ಟಿರಲಿಲ್ಲ. ಈಗ ಶಿವ ಕೊಟ್ಟಿದ್ದ. ನಾನು ಬಾಯಿ ಮುಚ್ಚಿಕೊಂಡು ತೆಗೆದುಕೊಂಡೆ.

ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದ ತಪ್ಪಿಗೆ ‘ಇನ್ನು ಮುಂದೆ ಇಂಗ್ಲಿಷಿನಲ್ಲೇ ಮಾತಾಡುತ್ತೇನೆ’ ಎಂದು ನೂರು ಸಲ ಬರೆಸುತ್ತಿದ್ದರು. ನಾನು ಬರೆದೂ ಬರೆದೂ ಆ ವಾಕ್ಯ ನನಗೆ ಅರ್ಥವಾಗುವುದೇ ನಿಂತುಹೋಗಿತ್ತು. ಸಾವಿರ ಸಲ ಬರೆದ ಮೇಲೂ ಒಂದು ಮಾತಿನಲ್ಲಿ ಅರ್ಥ ಉಳಿಸಿಕೊಳ್ಳಬಲ್ಲವರು ಅತ್ತೆಯಂಥವರು. ಉಳಿದವರ ಲೆಕ್ಕ ಬೇರೆ. ಆ ಉಳಿದವರು ಯಾರೆಂದು ಬೇಗನೆ ಗೊತ್ತಾಯಿತು.

ಬಡಾವಣೆಯಲ್ಲಿ ಈಶ್ವರನ ಗುಡಿ ಕಟ್ಟುವ ಕಮಿಟಿ ಆಯಿತು. ಅಧ್ಯಕ್ಷರು ಕಾರ್ಖಾನೆಯಲ್ಲಿ ಉತ್ಪಾದನಾ ಯೋಜನೆಯ ಮುಖ್ಯಸ್ಥರು, ನಮ್ಮವರಿಗೆ ಮೇಲಿನವರು. ಸಫಾರಿ ಸೂಟಿನ ಜೇಬಿನಲ್ಲಿ ಮೂರು ಬಣ್ಣದ ಪೆನ್ನು. ಗುಡಿಯ ಅಡಿಪಾಯದಲ್ಲಿ ಕೋಟಿ ಪಂಚಾಕ್ಷರಿ ಬರೆದ ಪುಸ್ತಕಗಳನ್ನು ಪೆಟ್ಟಿಗೆಯಲ್ಲಿ ಇಟ್ಟು ಅದರ ಮೇಲೆ ಗರ್ಭಗುಡಿ ಎಬ್ಬಿಸುವುದೆಂದು ತೀರ್ಮಾನವಾಯಿತು. ಅದು ಒಳ್ಳೆಯದೇ. ಆದರೆ ಅಧ್ಯಕ್ಷರು ಗುಡಿಯ ತಗಡಿನ ಶೆಡ್ಡಿನಲ್ಲಿ ಒಂದು ಗ್ರಾಫ್ ನೇತುಹಾಕಿದರು. ಮನೆಗೊಂದು ಪಟ್ಟಿ. ವಾರದ ಗುರಿ ನೀಲಿಯಲ್ಲಿ, ಸಾಧನೆ ಹಸಿರಿನಲ್ಲಿ, ಹಿಂದೆ ಬಿದ್ದವರು ಕೆಂಪಿನಲ್ಲಿ. ಭಾನುವಾರ ಸಂಜೆ ಅದರ ಮುಂದೆ ನಿಂತು, ಯಾವ ರಸ್ತೆಯಲ್ಲಿ ಭಕ್ತಿ ಕುಂಠಿತವಾಗಿದೆ, ಕಾರಣವೇನು, ಪರಿಹಾರವೇನು ಎಂದು ಪರಿಶೀಲನಾ ಸಭೆ ನಡೆಸುತ್ತಿದ್ದರು. ಕೆಂಪು ಬಂದ ಮನೆಯ ಹೆಂಗಸು ಆಮೇಲಿನ ಮಧ್ಯಾಹ್ನಗಳಲ್ಲಿ ಟಿವಿ ಮುಂದೆ ಕೂತು, ಧಾರಾವಾಹಿ ನೋಡುತ್ತಲೇ, ತಗಡಿನ ಕತ್ತರಿಯಲ್ಲಿ ವಾಷರ್ ಕತ್ತರಿಸುವ ಹಾಗೆ ಶಿವನಾಮ ಬರೆದು ಎಸೆದು, ಮುಂದಿನ ವಾರ ಹಸಿರಾಗುತ್ತಿದ್ದಳು.

ಪುಸ್ತಕಗಳನ್ನು ಕಮಿಟಿಯೇ ಕೊಡುತ್ತಿತ್ತು, ನೂರು ಪುಟದವು, ರಟ್ಟಿನ ಮೇಲೆ ತ್ರಿಶೂಲದ ಮುದ್ರೆ. ಅತ್ತೆ ಹೋಗಿ ನನಗಾಗಿ ಎರಡು ತಂದರು. ಒಳ್ಳೆಯ ಕಾಗದ, ಶಾಯಿ ಹರಡುವುದಿಲ್ಲ. ನನ್ನ ಹಳೆಯ ಪುಸ್ತಕ ಅದೇ ವಾರ ಮುಗಿದಿತ್ತು. ನಾನು ಮೂರನೆಯ ಅಧ್ಯಾಯವನ್ನು ತ್ರಿಶೂಲದ ಪುಸ್ತಕದಲ್ಲಿ ಶುರು ಮಾಡಿ, ಮೊದಲೆರಡನ್ನೂ ಅದರಲ್ಲೇ ನಕಲು ಮಾಡಿ, ಹಳೆಯದನ್ನು ಬಚ್ಚಲ ಒಲೆಗೆ ಹಾಕಿದೆ. ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ಮಾತ್ರ ತುಂಬ ಭಕ್ತಿಯಿಂದ ‘ಓಂ ನಮಃ ಶಿವಾಯ’ ಬರೆಯುತ್ತಿದ್ದೆ. ಕಳ್ಳರಿಗೂ ಒಂದು ಶಿಸ್ತು ಇರುತ್ತದೆ.

ನಾಲ್ಕು ಪುಸ್ತಕ ಆಗುವಷ್ಟರಲ್ಲಿ, ಅತ್ತೆ ಹೇಳಿಬರುತ್ತಿದ್ದ ಲೆಕ್ಕದ ಮೇಲೆ, ಗ್ರಾಫಿನಲ್ಲಿ ನಮ್ಮ ಮನೆಯ ಹಸಿರು ಎಲ್ಲರಿಗಿಂತ ಎತ್ತರಕ್ಕೆ ಹೋಯಿತು. ಅತ್ತೆಗೆ ಕಾಣಿಸುತ್ತಿರಲಿಲ್ಲ, ಆದರೆ ಪಕ್ಕದವರ ಕೈಯಲ್ಲಿ ಅದರ ತುದಿಯನ್ನು ಮುಟ್ಟಿಸಿಕೊಂಡು ಬರುತ್ತಿದ್ದರು. ಬಡಾವಣೆಯ ಹೆಂಗಸರು ನನ್ನನ್ನು ಹೊಸ ಗೌರವದಿಂದ ನೋಡಿದರು. ಇಂಗ್ಲಿಷ್ ಕಲಿತರೂ ಎಂಥ ಸಂಸ್ಕಾರ ಎಂದು ಒಬ್ಬರು ನನ್ನೆದುರೇ ಹೇಳಿದರು. ಇದೇ ಜನ, ಒಮ್ಮೆ ಕಥೆ ಬರೆಯುತ್ತೇನೆ ಎಂದು ನಾನು ಹೇಳಿದ್ದಾಗ, ಮನೆಯಲ್ಲಿ ಬೇಜಾರಾ ಎಂದು ಕೇಳಿ ಸ್ವೆಟರ್ ಹೆಣಿಗೆಯ ಪುಸ್ತಕ ಕೊಟ್ಟಿದ್ದರು.

ಅನುಮಾನ ಬಂದದ್ದು ಕೆಳಗಿನ ಮನೆಯಾಕೆಗೆ ಮಾತ್ರ. ಆಕೆ ಹೂಡಿಯ ಹಳೆಯ ಒಕ್ಕಲು ಮನೆತನದವಳು, ಮನೆಯ ಒಡತಿ, ಹಸುವಿನ ಒಡತಿ. ಎರಡೂವರೆಯ ಹಾಲು ತಂದಾಗ ನನ್ನ ಮೇಜಿನ ಮೇಲಿನ ಖಾಲಿ ಲೋಟಗಳನ್ನು ಒಂದೊಂದಾಗಿ ನೋಡಿದಳು.

"ಅಲ್ಲಕ್ಕಾ, ಸಿವನ ಎಸ್ರು ಬರೆಯೋರು ಇಂಗೆ ಕಾಪಿ ಕುಡೀತಾರಾ? ನೀನು ಬರೀತಾ ಬರೀತಾ ಒಬ್ಳೇ ನಗ್ತೀಯ, ಕೆಳಗಡೆಗೆ ಕೇಳುಸ್ತದೆ."

ಶಿವನನ್ನು ನೆನೆದರೆ ಆನಂದವಾಗುತ್ತದೆ ಎಂದೆ. ಆಕೆ ಚೊಂಬು ಎತ್ತಿಕೊಂಡು ಮೆಟ್ಟಿಲಿಳಿದಳು. ಆಮೇಲಿಂದ ಮಧ್ಯಾಹ್ನದ ಹಾಲು ಸ್ವಲ್ಪ ಗಟ್ಟಿಯಾಗಿಯೇ ಬರತೊಡಗಿತು.

ನಾನು ನಗುತ್ತಿದ್ದುದು ನಿಜ. ಕಾದಂಬರಿ ನಮ್ಮ ಬಡಾವಣೆಯಂಥದೇ ಒಂದು ಬಡಾವಣೆಯದು. ಅದರಲ್ಲಿ ಎಲ್ಲರೂ ಇದ್ದರು. ಮನಿ ಪ್ಲಾಂಟಿನವರು, ಸ್ವೆಟರಿನವರು, ಗಂಡನ ಬಡ್ತಿಯನ್ನು ತನ್ನ ಸೀರೆಯ ಅಂಚಿನಲ್ಲಿ ತೋರಿಸುವವರು, ಸ್ವಂತ ಹೆಂಡತಿಗೂ ವಾರದ ವರದಿ ಕೇಳುವ ಒಬ್ಬ ಮ್ಯಾನೇಜರು. ಆರು ಪುಸ್ತಕ ತುಂಬಿ ಏಳನೆಯದು ನಡೆಯುತ್ತಿತ್ತು. ಕೊನೆಯ ಅಧ್ಯಾಯ ಒಂದೇ ಉಳಿದಿತ್ತು. ಅಷ್ಟರಲ್ಲಿ ಪಂಚಾಂಗದವರು ಗುಡಿಯ ಮುಹೂರ್ತವನ್ನು ಮೂರು ವಾರ ಮುಂಚಿತವಾಗಿಯೇ ಇಟ್ಟರು. ಸೋಮವಾರ ಬೆಳಗ್ಗೆ ಪೆಟ್ಟಿಗೆ ಮುಚ್ಚಿ ಅಡಿಪಾಯಕ್ಕೆ ಇಳಿಸುವುದು, ಭಾನುವಾರ ಮನೆಮನೆಯಿಂದ ಪುಸ್ತಕ ಸಂಗ್ರಹ.

ಸುದ್ದಿ ಬಂದದ್ದು ಶನಿವಾರ ರಾತ್ರಿಯ ಊಟದ ಹೊತ್ತಿಗೆ. ಅತ್ತೆ ಆಗಲೇ ಮಲಗಿದ್ದರು, ನಮ್ಮವರಿಗೆ ಮಾತ್ರ ನಿಜ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ಅಧ್ಯಕ್ಷರ ಮುಖವನ್ನು ಸೋಮವಾರ ತಾನು ಹೇಗೆ ನೋಡಬೇಕು ಎಂದರು. ಕಾದಂಬರಿಯ ಬಗ್ಗೆ ಏನೂ ಕೇಳಲಿಲ್ಲ. ಝೆರಾಕ್ಸ್ ಅಂಗಡಿ ಇದ್ದುದು ಕೆ.ಆರ್. ಪುರದಲ್ಲಿ, ಭಾನುವಾರ ಮುಚ್ಚಿರುತ್ತಿತ್ತು. ನನ್ನ ಒಂದು ವರ್ಷದ ಬರಹಕ್ಕೆ ಇದ್ದುದು ಅದೊಂದೇ ಪ್ರತಿ, ಅದೂ ದೇವರ ಹೆಸರಿನಲ್ಲಿ ಪಡೆದ ಕಾಗದದ ಮೇಲೆ.

ಭಾನುವಾರ ಅಧ್ಯಕ್ಷರು ಹತ್ತು ಗಂಟೆಗೆ ಪಟ್ಟಿ ಹಿಡಿದು ಬಂದರು. ಅತ್ತೆ ಆರು ಪುಸ್ತಕಗಳನ್ನು ಬೆಳಗ್ಗೆಯೇ ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಮಣೆಯ ಮೇಲೆ ಜೋಡಿಸಿಟ್ಟಿದ್ದರು. ನಾನು ಕಾಫಿ ತಂದೆ. ತುಂಬ ಲೈಟಾಗಿ, ಸಕ್ಕರೆ ಜಾಸ್ತಿ ಹಾಕಿ ಎಂದು ಅಧ್ಯಕ್ಷರು ಹೇಳಿದ್ದರು. ಅಂದರೆ ಕಾಫಿ ಬೇಡ ಎಂದರ್ಥ. ಅದನ್ನು ಹೀರುತ್ತ ಮೊದಲ ಪುಸ್ತಕ ತೆಗೆದು ಮೊದಲ ಪುಟ ನೋಡಿ ಮೆಚ್ಚಿದರು. ಆಮೇಲೆ ಮೂರನೆಯ ಪುಸ್ತಕವನ್ನು ನಡುವಿನಲ್ಲಿ ತೆರೆದರು. ಕಾರ್ಖಾನೆಯವರು ಸರಕನ್ನು ಹೀಗೆಯೇ ಪರೀಕ್ಷಿಸುತ್ತಾರೆ, ನಡುವಿನ ಡಬ್ಬಿಯನ್ನು ಎಳೆದು. ನಮ್ಮವರು ನನಗೆ ಹೇಳಿದ್ದರು, ನಾನು ಮರೆತಿದ್ದೆ.

ಓದಿದರು. ಹುಬ್ಬು ಗಂಟಾಯಿತು. ಪುಟ ತಿರುಗಿಸಿದರು. ಒಂದು ಕಡೆ ನಕ್ಕರು ಕೂಡ. ಅದು ಆ ಮ್ಯಾನೇಜರು ಹೆಂಡತಿಯ ಪಲ್ಯಕ್ಕೆ ಹತ್ತಕ್ಕೆ ಆರು ಅಂಕ ಕೊಡುವ ಪುಟ.

"ಏನ್ ಮೇಡಂ ಇದು?"

"ಕಾದಂಬರಿ ಸಾರ್."

"ಎಲ್ಲಾದ್ರಲ್ಲೂ ಇದೇನಾ?"

ಎಲ್ಲದರಲ್ಲೂ ಎಂದೆ. ನಮ್ಮವರು ಗೋಡೆಯ ಕ್ಯಾಲೆಂಡರಿನಲ್ಲಿ ಯಾವುದೋ ಹಬ್ಬ ಹುಡುಕುತ್ತಿದ್ದರು. ಅತ್ತೆ ಮಣೆಯ ಪಕ್ಕ ಕೂತಿದ್ದವರು ಕದಲಲಿಲ್ಲ. ಅಧ್ಯಕ್ಷರು ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಅವರ ಬಗ್ಗೆ ಒಂದಿಷ್ಟು ಗೌರವ ಹುಟ್ಟುತ್ತಿತ್ತೇನೋ. ಅವರು ಪಟ್ಟಿ ತೆಗೆದು, ಹಸಿರು ಪೆನ್ನಿನ ತುದಿಯಿಂದ ಸಾಲುಗಳನ್ನು ಎಣಿಸಿದರು. ನಮ್ಮ ಮನೆಯದು ಬಿಟ್ಟರೆ ಕೋಟಿ ತುಂಬುವುದಿಲ್ಲ, ಆಹ್ವಾನಪತ್ರದಲ್ಲಿ ಕೋಟಿ ಎಂದೇ ಅಚ್ಚಾಗಿದೆ, ಮುಹೂರ್ತಕ್ಕೆ ಬರುವ ಸ್ವಾಮಿಗಳಿಗೂ ಹೇಳಿಯಾಗಿದೆ ಎಂದು ಲೆಕ್ಕ ಒಪ್ಪಿಸಿದರು. ಆಮೇಲೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಒಂದ್ ಪ್ರಾಕ್ಟಿಕಲ್ ಮಾತ್ ಹೇಳ್ತೀನಿ. ಪೆಟ್ಟಿಗೆ ಸೀಲಾಗುತ್ತೆ, ಮೇಲೆ ಕಾಂಕ್ರೀಟ್ ಬೀಳುತ್ತೆ. ಒಳಗೇನಿದೆ ಅಂತ ಯಾರ್ ನೋಡ್ತಾರೆ? ಕೊಟ್ಬಿಡಿ. ಯಾರ್ಗೂ ಹೇಳಲ್ಲ ನಾನು. ನಿಮ್ಮನೆ ಮರ್ಯಾದೆನೂ ಉಳಿಯುತ್ತೆ."

ನಾನು ಕಾನ್ವೆಂಟಿನ ಹುಡುಗಿ. ದೊಡ್ಡವರು, ಅದರಲ್ಲೂ ಪಟ್ಟಿ ಹಿಡಿದವರು ಕೇಳಿದರೆ ಕೊಡುವುದು ನನ್ನ ರಕ್ತದಲ್ಲೇ ಇದೆ. ಇದರ ಇನ್ನೊಂದು ಪ್ರತಿ ಇಲ್ಲ ಸಾರ್ ಎಂದು ಹೇಳಿದೆನಾದರೂ, ಆ ದನಿ ಹೋಂವರ್ಕ್ ತರದವರ ದನಿ. ಪ್ರತಿ ಇಲ್ಲದಿದ್ದರೆ ಇನ್ನೊಮ್ಮೆ ಬರೆಯಿರಿ, ಹೇಗೂ ಮನೆಯಲ್ಲೇ ಇರುತ್ತೀರಲ್ಲ ಎಂದರು. ಕೊಟ್ಟುಬಿಡು ಎಂದು ನಮ್ಮವರ ಬೆನ್ನು ಹೇಳುತ್ತಿತ್ತು. ಆಮೇಲೆ ಎಷ್ಟೋ ಸಲ, ಕೊಡಲಾರೆ ಎಂದು ನಾನು ಎದ್ದು ನಿಂತೆ ಎಂಬಂತೆ ಈ ಕಥೆಯನ್ನು ಸ್ನೇಹಿತೆಯರಿಗೆ ಹೇಳಿದ್ದುಂಟು. ನಾನು ಎದ್ದಿರಲಿಲ್ಲ. ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತ ಕೂತಿದ್ದೆ.

ಅತ್ತೆ ಕೈ ಚಾಚಿ ಮಣೆಯನ್ನು ತಡಕಿ, ಆರು ಪುಸ್ತಕಗಳನ್ನೂ ತಮ್ಮ ಮಡಿಲಿಗೆ ಎಳೆದುಕೊಂಡರು. ಅಲ್ಲಿಯವರೆಗೂ ಆ ಮನುಷ್ಯನನ್ನು ಸಾಹೇಬರು ಎನ್ನುತ್ತಿದ್ದರು.

"ಶಿವನ ಹೆಸರಿಲ್ಲದ್ದನ್ನ ಶಿವನ ಬುಡಕ ಹಾಕಾಕ ಹೊಂಟಿ ಏನೋ ತಮ್ಮಾ? ಅಕಿ ಸುಳ್ಳು ಹೇಳಿದ್ದು ನನ್ನ ಮುಂದ. ನೀ ಹೇಳಾಕತ್ತಿದ್ದು ಅವನ ಮುಂದ."

ಅಧ್ಯಕ್ಷರು ಅಮ್ಮಾ, ಹಾಗಲ್ಲಮ್ಮಾ ಎಂದು ಏನೋ ವಿವರಿಸತೊಡಗಿದರು. ಅತ್ತೆ ಕೇಳಿಸಿಕೊಳ್ಳಲಿಲ್ಲ. ಲೋಟದಲ್ಲಿ ಉಳಿದ ಕಾಫಿಯನ್ನು ಅಲ್ಲೇ ಬಿಟ್ಟು ಅಧ್ಯಕ್ಷರು ಎದ್ದರು. ಹೋಗುವಾಗ, ಕಮಿಟಿಯ ಆಸ್ತಿ ಎಂದು ಹೇಳಿ, ನಾನು ಅರ್ಧ ಬರೆದಿದ್ದ ಏಳನೆಯ ಪುಸ್ತಕದಿಂದ ಖಾಲಿ ಹಾಳೆಗಳನ್ನು ಹರಿದುಕೊಂಡು ಹೋದರು. ಕೋಟಿಯ ದೊರೆ ಕೈಯಲ್ಲಿ ಇಪ್ಪತ್ತು ಹಾಳೆ ಮಡಚಿ ಹಿಡಿದು ಮೆಟ್ಟಿಲಿಳಿಯುವುದನ್ನು ಕೆಳಗಿನ ಮನೆಯಾಕೆ ಹಸುವಿನ ಪಕ್ಕ ನಿಂತು ನೋಡಿದಳು. ಸೋಮವಾರ ಪೆಟ್ಟಿಗೆ ಇಳಿಯಿತು. ಕೋಟಿ ತುಂಬಿದೆ ಎಂದು ಮೈಕಿನಲ್ಲಿ ಘೋಷಿಸಿದರು. ಹೇಗೆ ತುಂಬಿತೋ, ಗ್ರಾಫಿನಲ್ಲಿ ನಮ್ಮ ಪಟ್ಟಿ ಇನ್ನೂ ಹಸಿರಾಗಿಯೇ ಇತ್ತಂತೆ.

ಅತ್ತೆ ನನ್ನೊಡನೆ ಮಾತು ಬಿಟ್ಟರು. ಬಾಗಿಲಿಗೆ ಚಿಲಕ ಹಾಕುವುದನ್ನೂ ಬಿಟ್ಟರು. ತಮ್ಮ ಚಹಾ ತಾವೇ ಮಾಡಿಕೊಂಡರು, ಕಾಣದ ಕಣ್ಣಲ್ಲಿ ಸ್ಟವ್ ತಡಕಿ. ನಾನು ಸಹಾಯಕ್ಕೆ ಹೋದರೆ ಮೊಣಕೈಯಿಂದ ಸರಿಸಿದರು. ಆ ಭಾನುವಾರ ಸಂಜೆ ಒಂದೇ ಒಂದು ಮಾತು ಕೇಳಿದ್ದರು, ಇನ್ನೂ ಎಷ್ಟು ಉಳಿದಿದೆ ಎಂದು. ಒಂದು ಅಧ್ಯಾಯ ಎಂದಿದ್ದೆ.

"ಮೊದ್ಲ ಅದನ್ನ ಮುಗಸು. ನನ್ನ ಜೋಡಿ ಮಾತು ಆಮ್ಯಾಲ."

ಆ ಅಧ್ಯಾಯ ಬರೆದಷ್ಟು ಕಷ್ಟಪಟ್ಟು ನಾನು ಏನನ್ನೂ ಬರೆದಿಲ್ಲ. ಕಾಗದ ನಮ್ಮವರು ಕಾರ್ಖಾನೆಯಿಂದ ತಂದುಕೊಟ್ಟ ರದ್ದಿ ಕಂಪ್ಯೂಟರ್ ಹಾಳೆ, ಎರಡು ಅಂಚಿಗೂ ತೂತುಗಳ ಸಾಲು, ಹಿಂಬದಿಯಲ್ಲಿ ಬೋಲ್ಟು ನಟ್ಟುಗಳ ಪಟ್ಟಿ. ಅವರ ಕ್ಷಮಾಪಣೆ ಅಷ್ಟು. ಬಾಗಿಲು ತೆರೆದಿದ್ದರಿಂದ ಬಡಾವಣೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸಾಂತ್ವನ ಹೇಳಿದರು, ಅಂದರೆ ಏನಾಯಿತೆಂದು ತಿಳಿದುಕೊಳ್ಳಲು ಬಂದರು. ಅವರಿಗೆಲ್ಲ ಕಾಫಿ ಕೊಟ್ಟೆ. ಒಳ್ಳೆಯ ಡಿಕಾಕ್ಷನ್ನು ನನಗಿಟ್ಟುಕೊಂಡು, ಅದೇ ಪುಡಿಗೆ ಮತ್ತೆ ನೀರು ಹೊಯ್ದು ಇಳಿಸಿದ ಎರಡನೆಯದನ್ನು ಕೊಟ್ಟೆ. ಚೆನ್ನಾಗಿದೆ ಎಂದರು. ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಈ ಜನಕ್ಕಾಗಿ ನಾನು ಎಷ್ಟು ಎಚ್ಚರಿಕೆಯಿಂದ ವಾಕ್ಯ ತಿದ್ದುತ್ತಿದ್ದೆನಲ್ಲ ಎಂದು ಅನಿಸಿತು.

ಒಂಬತ್ತನೆಯ ದಿನ, ಮಧ್ಯಾಹ್ನದ ಫಿಲ್ಟರು ಇನ್ನೂ ಇಳಿಯುತ್ತಿದ್ದಾಗ, ಕೊನೆಯ ವಾಕ್ಯ ಬಂದಿತು. ಪೆನ್ನು ಕೆಳಗಿಟ್ಟೆ. ಏನೂ ಆಗಲಿಲ್ಲ. ಎಲ್ಲೋ ಒಂದು ಗಂಟೆ ಬಾರಿಸುತ್ತದೆ ಎಂದುಕೊಂಡಿದ್ದೆನೇನೋ. ಹಾಲು ಬಿಸಿ ಮಾಡಿ, ಕಾಫಿ ಬೆರೆಸಿ, ಪೂರ್ತಿ ಕುಡಿದು, ಆಮೇಲೆ ನಡುಮನೆಗೆ ಹೋಗಿ ಅತ್ತೆಯ ಎದುರು ನೆಲದ ಮೇಲೆ ಕೂತೆ.

"ಮುಗೀತು ಅತ್ತೆ."

ಅವರು ಮುಕ್ಕಾಲು ಗಂಟೆ ಬೈದರು. ದನಿ ಎತ್ತರಿಸದೆ, ಒಂದು ಮಾತನ್ನೂ ಎರಡನೆಯ ಸಲ ಹೇಳದೆ. ಕುರುಡಿಯನ್ನು ಏಮಾರಿಸಿದ್ದಕ್ಕೆ, ಗುಡಿಯ ಪುಸ್ತಕ ತಿಂದದ್ದಕ್ಕೆ, ಊರೆಲ್ಲ ತಿರುಗಿ ತಾವು ನನ್ನನ್ನು ಹೊಗಳುವ ಹಾಗೆ ಮಾಡಿದ್ದಕ್ಕೆ. ನಾನು ಎಲ್ಲದಕ್ಕೂ ಹೌದೆಂದೆ. ಕೊನೆಗೆ ಸುಸ್ತಾಗಿ ಗೋಡೆಗೆ ಒರಗಿ, ಕಥೆ ಯಾರದು ಎಂದು ಕೇಳಿದರು. ನಮ್ಮಂಥ ಬಡಾವಣೆಯವರದು ಎಂದು ಹೇಳಿ, ಒಬ್ಬೊಬ್ಬರನ್ನಾಗಿ ವಿವರಿಸಿದೆ. ಎರಡು ಮೂರು ಕಡೆ ಅವರ ತುಟಿ ಅಲುಗಿತು. ಮುಗಿಸುವವರೆಗೂ ಕೇಳಿದರು.

"ಅಷ್ಟು ಮಂದ್ಯಾಗ ಒಬ್ರರ ಚಲೋ ಮನಿಷಾರು ಅದಾರೇನು?"

ಯೋಚಿಸಿದೆ. ಒಂದನೆಯ ಅಧ್ಯಾಯದಿಂದ ಬೋಲ್ಟು ನಟ್ಟಿನ ಹಾಳೆಗಳವರೆಗೆ ಮನಸ್ಸಿನಲ್ಲೇ ತಿರುವಿಹಾಕಿದೆ. ಒಬ್ಬರೂ ಸಿಗಲಿಲ್ಲ.

"ಇಲ್ಲ ಅತ್ತೆ."

"ಹಂಗಾರ ಮುಗಿದಿಲ್ಲದು," ಎಂದು ಅವರು ಎದ್ದು, ಗೋಡೆ ಹಿಡಿದುಕೊಂಡು, ಮುಖ ತೊಳೆಯಲು ಬಚ್ಚಲಿಗೆ ಹೋದರು.

ಆವರೆಗೆ ನಾನು ಬರೆದದ್ದು ಕಾದಂಬರಿ ಎಂದೇ ತಿಳಿದಿದ್ದೆ. ಅದು ಮೊದಲ ಕರಡು ಎಂದು ಗೊತ್ತಾದದ್ದು ಆಗ. ಕೊನೆಗೆ ಕಾದಂಬರಿ ಅಚ್ಚಾದ ಮೇಲೆ ಪತ್ರಿಕೆಗಳಲ್ಲಿ ಬಲ್ಲವರು ಅದರ ಬಗ್ಗೆ ಬರೆದರು. ಶೈಲಿ, ಸಂವೇದನೆ, ಮಹಿಳಾ ಲೋಕ ಎಂದೆಲ್ಲ ಕಾಲಂ ತುಂಬಿಸಿದರು. ಮುಖಪುಟದ ಹಿಂದಿನ ನಾಲ್ಕು ಸಾಲಿಗಿಂತ ಮುಂದೆ ಓದಿದವರು ಅವರಲ್ಲಿ ಒಬ್ಬರೂ ಇದ್ದಂತೆ ಕಾಣಲಿಲ್ಲ. ಅತ್ತೆಯೂ ಓದಿರಲಿಲ್ಲ ನಿಜ. ಆದರೆ ಅವರು ಕೇಳಿದ ಪ್ರಶ್ನೆಗಾಗಿ ನಾನು ಆ ಏಳು ಪುಸ್ತಕಗಳನ್ನು ಮೊದಲಿಂದ ಮತ್ತೆ ಬರೆಯಬೇಕಾಯಿತು, ಮತ್ತು ಅದಕ್ಕೆ ಎರಡು ವರ್ಷ ಹಿಡಿಯಿತು.